ಕ್ರೇನಿನ ನಾಲ್ಕನೆಯ ಕಾಲು

ನನ್ನನ್ನು ಯಾರಾದರೂ ಕ್ರೇನ್ ಡ್ರೈವರ್ ಎಂದರೆ ಈಗಲೂ ಮೈ ಉರಿಯುತ್ತದೆ. ಡ್ರೈವರ್ ಗಾಡಿ ಓಡಿಸುತ್ತಾನೆ. ನಾನು ಆಪರೇಟರ್. ಗಾಡಿ ನಿಂತ ಮೇಲೆ ನನ್ನ ಕೆಲಸ ಶುರು. ಲಾರಿಯ ಬೆನ್ನ ಮೇಲೆ ಕೂರಿಸಿದ ಕ್ರೇನಿನಿಂದ ಮೂವತ್ತು ವರ್ಷ ಈ ಮುಂಬಯಿಯ ಗಲ್ಲಿಗಳಲ್ಲಿ ನೀರಿನ ಟಾಕಿ, ಜನರೇಟರು, ಗುಡಿಯ ಕಳಸ ಎಲ್ಲ ಎತ್ತಿ ಇಟ್ಟಿದ್ದೇನೆ. ಒಮ್ಮೆ ಗಟಾರಕ್ಕೆ ಬಿದ್ದ ಬಸ್ಸನ್ನು, ಕಂಡಕ್ಟರನ ಊಟದ ಡಬ್ಬಿ ಅದರೊಳಗೇ ಇರುವಾಗ, ಎತ್ತಿ ರಸ್ತೆಯಲ್ಲಿ ನಿಲ್ಲಿಸಿದ್ದೇನೆ. ನನಗಿಂತ ದೊಡ್ಡ ಕ್ರೇನು ನಡೆಸುವವರು ಇದ್ದಾರೆ, ಇರಲಿ. ನನ್ನ ಕೈಯಿಂದ ಇವತ್ತಿನವರೆಗೆ ಒಂದು ಮಾಲೂ ಬಿದ್ದಿಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬ ಪಡಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ನಾನು ವಿಜಯಪುರದ ಕಡೆಯವನು. ಈ ಊರಿಗೆ ಬಂದ ಹೊಸದರಲ್ಲಿ ನನಗೆ ಸಿಕ್ಕಿದ್ದು ಕ್ರೇನಲ್ಲ, ಬಕೆಟ್ ಗಾಡಿ. ಲಾರಿಯ ಮೇಲೊಂದು ಮಡಚುವ ಕಬ್ಬಿಣದ ತೋಳು, ತೋಳಿನ ತುದಿಗೆ ಒಬ್ಬ ನಿಲ್ಲುವಷ್ಟು ತೊಟ್ಟಿ. ಬೀದಿದೀಪ ಬದಲಿಸಲು, ಮಳೆಗಾಲಕ್ಕೆ ಮೊದಲು ಮರದ ಕೊಂಬೆ ಕಡಿಯಲು ಅದನ್ನು ಕಳಿಸುತ್ತಿದ್ದರು. ಕೆಳಗೆ ಹಿಡಿಕೆ ತಿರುಗಿಸುವವನು ಉಸ್ತಾದ್, ಮೇಲೆ ತೊಟ್ಟಿಯಲ್ಲಿ ನಾನು. ಎರಡನೆಯ ಮಹಡಿಯ ಎತ್ತರದಲ್ಲಿ ನಿಂತರೆ ಜನರ ಅಡುಗೆಮನೆ ಕಾಣುತ್ತದೆ. ಸಾಂತಾಕ್ರೂಜ್‌ನ ಒಂದು ಸೊಸೈಟಿಯಲ್ಲಿ ಒಬ್ಬ ಯಜಮಾನರು ಕದ್ದು ಉಪ್ಪಿನಕಾಯಿ ತಿನ್ನುವುದನ್ನು ನೋಡಿದ್ದೇನೆ. ಅವರೂ ನನ್ನನ್ನು ನೋಡಿದರು. ಇಬ್ಬರೂ ಯಾರಿಗೂ ಹೇಳಲಿಲ್ಲ.

ಅದೇ ಸಾಂತಾಕ್ರೂಜ್‌ನಲ್ಲಿ ಒಂದು ಮಧ್ಯಾಹ್ನ ಗುಲ್‌ಮೊಹರಿನ ಕೊಂಬೆ ಕಡಿಯುತ್ತಿದ್ದೆವು. ಫುಟ್‌ಪಾತಿನಲ್ಲಿ ಹೂ ಮಾರುತ್ತ ಕೂತಿದ್ದ ಹೆಂಗಸು ದಢಕ್ಕನೆ ಎದ್ದು ಕೈ ಮೇಲೆತ್ತಿ ಕೂಗಿದಳು. ಉಸ್ತಾದ್ ತಕ್ಷಣ ತೋಳು ನಿಲ್ಲಿಸಿದ. ಹೂವಿನ ಬುಟ್ಟಿಯ ಮೇಲೆ ಕೊಂಬೆ ಬೀಳುತ್ತದೆಂದು ಕೂಗುತ್ತಿದ್ದಾಳೆ ಅಂದುಕೊಂಡು ನಾನು ಮೇಲಿಂದಲೇ ಅವಳಿಗೆ ಬೈದೆ. ಬೈದು ಮುಗಿಸಿ ಹಿಂದೆ ತಿರುಗಿದರೆ, ಎಲೆಗಳ ನಡುವೆ, ನನ್ನ ತಲೆಯಿಂದ ಒಂದು ಮೊಳ ದೂರದಲ್ಲಿ ಬರಿಯ ವಿದ್ಯುತ್ ತಂತಿ. ಕೆಳಗಿಳಿದೆ. ಉಸ್ತಾದ್ ಅವತ್ತು ಹೇಳಿದ್ದು ಒಂದೇ ಮಾತು: ‘ಎತ್ತು’ ಅನ್ನುವವನು ಒಬ್ಬನೇ ಇರಬೇಕು, ‘ನಿಲ್ಲಿಸು’ ಅನ್ನುವವನು ಯಾರಾದರೂ ಇರಬಹುದು. ಅವನು ಯಾರು, ಏನು ಓದಿದ್ದಾನೆ, ಅವನಿಗೇನು ಗೊತ್ತು ಎಂದು ಕೇಳಬಾರದು. ಮೊದಲು ನಿಲ್ಲಿಸು, ಆಮೇಲೆ ಕೇಳು. ಇದು ಉಸ್ತಾದನ ಸ್ವಂತ ಕಾನೂನಲ್ಲ, ಎತ್ತುವ ಕೆಲಸ ಇರುವಲ್ಲೆಲ್ಲ ಇರುವ ಕಾನೂನು. ಎಲ್ಲರೂ ಕಲಿಯುತ್ತಾರೆ. ಅವಸರ ಬಂದಾಗ ಎಲ್ಲರೂ ಮರೆಯುತ್ತಾರೆ. ನಾನೂ ಒಮ್ಮೆ ಮರೆತೆ. ಆ ಕತೆಯೇ ಇದು.

ವಿಕ್ರೋಳಿಯಲ್ಲಿ ಹೈವೇ ಪಕ್ಕ ನಮ್ಮ ಕ್ರೇನುಗಳ ಯಾರ್ಡ್. ದೊಡ್ಡ ಮಾಲೀಕರು ಬೆಳಗಾವಿಯವರು. ಕಾಲು ನೋವು ಹೆಚ್ಚಾಗಿ ಅವರು ಮನೆ ಹಿಡಿದ ಮೇಲೆ ಮಗ ಬಂದು ಕುರ್ಚಿಯಲ್ಲಿ ಕೂತ. ಹುಡುಗ ಕೆಟ್ಟವನಲ್ಲ, ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಕೇಳಿದರೆ ತಿಳಿಯುತ್ತದೆ. ಮಾತಾಡಲು ಹೋದರೆ ನಾಲಿಗೆ ಹಿಂದಿಗೆ ಹೊರಳುತ್ತದೆ. ಓದಲು ಬರುವುದಿಲ್ಲ. ಅವನ ಹತ್ತಿರ ಒಂದು ಟ್ಯಾಬ್ ಇತ್ತು, ಅದರಲ್ಲಿ ಯಾವ ಕ್ರೇನು ಎಷ್ಟು ಹೊತ್ತಿಗೆ ಎಲ್ಲಿ ಇರಬೇಕು ಎಂದು ಬಣ್ಣಬಣ್ಣದ ಚೌಕಗಳಿದ್ದವು. ನನ್ನ ಚೌಕ ಆ ತಿಂಗಳು ಎರಡು ಸಲ ಕೆಂಪಾಗಿತ್ತು.

ಮೊದಲನೆಯ ಸಲ ಗಾಳಿ. ಎತ್ತರದ ಗಾಜಿನ ಕಟ್ಟಡದ ಪಕ್ಕ ಕೊಕ್ಕೆಗೆ ಹಾಕಿದ ಮಾಲು ತಾನಾಗಿ ತಿರುಗತೊಡಗಿತು, ಇಳಿಸಿ ಬಂದೆ. ಎರಡನೆಯ ಸಲ ಒಬ್ಬ ಕಾಂಟ್ರಾಕ್ಟರು ಬಕೆಟ್ ಗಾಡಿ ತರಿಸುವ ಬದಲು ನನ್ನ ಕ್ರೇನಿನ ಕೊಕ್ಕೆಗೆ ಕಬ್ಬಿಣದ ಬುಟ್ಟಿ ನೇತುಹಾಕಿ ಅದರಲ್ಲಿ ಇಬ್ಬರನ್ನು ಮೇಲೆ ಕಳಿಸು ಅಂದ. ಮಾಲು ಎತ್ತುವ ಕೊಕ್ಕೆ ಬೇರೆ, ಮನುಷ್ಯರನ್ನು ಎತ್ತುವ ತೋಳು ಬೇರೆ ಅಂದೆ. ಅವನು ನಕ್ಕ. ನಾನು ಕ್ರೇನಿನ ತೋಳಾದ ಬೂಮ್ ಮಡಚಿ ಹೊರಟು ಬಂದೆ. ಅವತ್ತು ಸಂಜೆ ಚಿಕ್ಕ ಮಾಲೀಕ ನನ್ನನ್ನು ಕೂರಿಸಿಕೊಂಡು, ಮೂರನೆಯ ಸಲ ಕೆಲಸ ಬಿಟ್ಟು ಬಂದರೆ ಚಾವಿ ಮೇಜಿನ ಮೇಲಿಟ್ಟು ಹೋಗಿ ಎಂದು ಹೇಳಿದ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮೆತ್ತಗೆ ಹೇಳಿದ್ದಕ್ಕೆ ತಲೆಯಾಡಿಸಿ ಎದ್ದು ಬಂದೆ. ಐವತ್ತಾರರ ಮನುಷ್ಯನಿಗೆ ಯಾವ ಯಾರ್ಡಿನಲ್ಲಿ ಹೊಸ ಸೀಟು ಸಿಗುತ್ತದೆ? ಆ ಸೀಟಿನ ಹರಿದ ಹೊದಿಕೆಯನ್ನು ನನ್ನ ಹೆಂಡತಿ ತನ್ನ ಹಳೆಯ ಇಳಕಲ್ ಸೀರೆಯಿಂದ ಎರಡು ಸಲ ಹೊಲಿದುಕೊಟ್ಟಿದ್ದಳು. ಅದರ ಮೇಲೆ ಇನ್ನೊಬ್ಬ ಕೂರುವುದು ನನಗೆ ಸಹಿಸುವ ಮಾತಾಗಿರಲಿಲ್ಲ.

ನನ್ನ ಜೊತೆಗಾರನ ಬಗ್ಗೆ ಹೇಳಬೇಕು. ಸಿಗ್ನಲ್ ಕೊಡುವವನು, ಉಡುಪಿಯ ಕಡೆಯವನು. ಹೋಟೆಲಿನಲ್ಲಿ ತಟ್ಟೆ ಎತ್ತಲು ಬಂದವನು ಮ್ಯಾನೇಜರನ ಜೊತೆ ಜಗಳ ಕಾದು ಕ್ರೇನಿಗೆ ಬಂದ. ಹನ್ನೆರಡು ವರ್ಷದಿಂದ ಕೊರಳಲ್ಲಿ ಊದುವ ಸೀಟಿ ಕಟ್ಟಿಕೊಂಡು ನನ್ನ ಕಣ್ಣಾಗಿ ನಿಂತಿದ್ದಾನೆ. ಅವನು ‘ಹಬೇಸ್’ ಅಂದರೆ ಮೇಲೆ, ‘ಆರಿಯಾ’ ಅಂದರೆ ಕೆಳಗೆ. ಬಂದರಿನ ಖಲಾಸಿಗಳ ಕಾಲದಿಂದ ಬಂದ ಮಾತು, ಯಾವ ಭಾಷೆಯದೋ ನಮಗಿಬ್ಬರಿಗೂ ಗೊತ್ತಿಲ್ಲ. ನನ್ನ ಜೋಳದ ರೊಟ್ಟಿ ಅವನಿಗೆ ಚರ್ಮ, ಅವನ ಕುಚ್ಚಲಕ್ಕಿ ನನಗೆ ಕಲ್ಲು. ಚಿಕ್ಕ ಮಾಲೀಕನ ಎಚ್ಚರಿಕೆ ಕೇಳಿ ಅವನು, ಇನ್ನು ಸ್ವಲ್ಪ ದಿನ ಬಾಯಿಗೆ ಬೀಗ ಹಾಕಿಕೊಳ್ಳಿ, ನಿಮ್ಮ ಸಿಟ್ಟು ಎತ್ತಲಿಕ್ಕೆ ಬೇರೆಯೇ ಕ್ರೇನು ಬೇಕು ಮಾರಾಯ್ರೆ ಎಂದು ನಕ್ಕ. ನಾನೂ ಹೂಂ ಅಂದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆಮೇಲಿನ ಭಾನುವಾರ ಬೆಳಿಗ್ಗೆ ಕುರ್ಲಾದಲ್ಲಿ ಕೆಲಸ. ಒಂದು ಕಡೆ ಹೊಸ ಮದುವೆ ಹಾಲ್, ಮೂರು ಮಹಡಿ. ಇನ್ನೊಂದು ಕಡೆ ಹಳೆಯ ಚಾಳು, ಸಾಲು ಖೋಲಿಗಳ ವಠಾರ. ನಡುವೆ ಗಲ್ಲಿ. ಹಾಲಿನ ತಾರಸಿಯ ಮೇಲೆ ದೊಡ್ಡ ಎ.ಸಿ. ಯಂತ್ರ ಕೂರಿಸಬೇಕು. ಯಂತ್ರ ಹೊತ್ತ ಲಾರಿ ನನ್ನ ಬೆನ್ನ ಹಿಂದೆ ನಿಂತಿತ್ತು. ಹಾಲಿನ ಕಡೆಯ ಮೂಲೆಯಲ್ಲಿ ಅರಳಿಮರ ಮತ್ತು ತಂತಿಗಳ ಜಾಲ. ಹಾಗಾಗಿ ಯಂತ್ರವನ್ನು ಎತ್ತಿ, ಬೂಮನ್ನು ಚಾಳಿನ ಕಡೆಯಿಂದ ಸುತ್ತಿಸಿ ತಂದು ಹಾಲಿನ ಮೇಲೆ ಇಳಿಸಬೇಕಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ಕ್ರೇನಿನ ಶಕ್ತಿ ಅದರ ಕೈಯಲ್ಲಿಲ್ಲ, ಕಾಲಲ್ಲಿದೆ. ಎತ್ತುವ ಮೊದಲು ಲಾರಿಯ ಎರಡೂ ಬದಿಯಿಂದ ನಾಲ್ಕು ಕಬ್ಬಿಣದ ಕಾಲು ಹೊರಗೆ ಚಾಚಿ, ಕೆಳಗೆ ಮರದ ದಿಮ್ಮಿ ಹಾಸಿ, ಟಯರು ನೆಲ ಬಿಡುವವರೆಗೆ ಊರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಮ್ಮಲ್ಲಿ ಹಾಗಲ್ಲ, ಕಾಲು ಪೂರಾ ಚಾಚಲೇಬೇಕು, ಹಾಸಿಗೆ ನಾವೇ ಹುಡುಕಬೇಕು. ಬೂಮ್ ಯಾವ ಮೂಲೆಯ ಮೇಲೆ ತಿರುಗುತ್ತದೋ ಆ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಭಾರ ಆ ಮೂಲೆಯ ಕಾಲಿನ ಮೇಲೆ. ಆ ಕಾಲು ಕುಸಿದರೆ ಲಿವರು ಹಿಡಿದವನು ಏನೂ ಮಾಡಲಾರ.

ಮೂರು ಕಾಲು ಊರಿದ್ದಾಯಿತು. ನಾಲ್ಕನೆಯದು ಚಾಳಿನ ಕಡೆಯ ಹಿಂದಿನ ಕಾಲು. ಅದಕ್ಕೆ ದಿಮ್ಮಿ ಹಾಸಲು ನಾನೇ ಇಳಿದೆ. ಅಲ್ಲಿ ನೆಲದ ಮೇಲೆ ಏನೋ ಸಣ್ಣ ಕಲ್ಲುಗಳಿದ್ದವು, ಬೂಟಿನಿಂದ ಒದ್ದು ಸರಿಸಿದೆ. ಚಾಳಿನ ಕೆಳಗಿನ ಖೋಲಿಯಿಂದ ಒಬ್ಬ ಮುದುಕಿ ಹೊರಬಂದು ಕೈ ಎತ್ತಿದಳು. ಬೇಡ, ಬೇಡ ಎಂದು ಕೈ ಆಡಿಸಿದಳು. ಕಂಡಿತು. ಕಂಡರೂ ದಿಮ್ಮಿ ಹಾಸಿದೆ. ಹಾಲಿನ ಸೂಪರ್‌ವೈಜರ್ ಗಡಿಯಾರ ತೋರಿಸುತ್ತಿದ್ದ, ನನ್ನ ತಲೆಯಲ್ಲಿ ಮೇಜಿನ ಮೇಲಿನ ಚಾವಿಯೇ ಇತ್ತು. ಒಳಗೆ ಹೋಗಮ್ಮಾ ಎಂದು ಹಿಂದಿಯಲ್ಲಿ ಗದರಿದೆ. ನಾನೇನು ಸಾಚಾ ಅಲ್ಲ. ಮೂವತ್ತು ವರ್ಷದ ಕಾನೂನನ್ನು ಒಂದು ಹೆದರಿಕೆಗೆ ಮಾರಿಬಿಟ್ಟಿದ್ದೆ.

ಲಿವರಿನ ಹತ್ತಿರ ಬಂದು ಕಾಲು ಇಳಿಸಲು ಕೈ ಇಟ್ಟವನು ನನ್ನ ಬೂಟು ನೋಡಿದೆ. ತುದಿಗೆ ಅರಿಸಿನ ಹತ್ತಿತ್ತು, ಅದರ ಮೇಲೆ ಕುಂಕುಮ.

ಕೈ ತೆಗೆದೆ. ವಾಪಸು ಹೋಗಿ ಕಲ್ಲುಗಳನ್ನು ಹುಡುಕಿದೆ. ಅಡಿಕೆಯಷ್ಟೇ ದೊಡ್ಡ ನುಣ್ಣನೆಯ ಹರಳು. ನಾಲ್ಕು ಸಿಕ್ಕವು. ಐದು ಇರಬೇಕು ಎಂದು ಯಾರೂ ನನಗೆ ಹೇಳಬೇಕಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ನನ್ನ ಅವ್ವ ಬಾಣಂತಿ ಸೊಸೆಯನ್ನು ಬಾವಿಗೆ ಕರೆದುಕೊಂಡು ಹೋಗಿ, ಬಾವಿಕಟ್ಟೆಯ ಮೇಲೆ ಐದು ಹರಳು ಸಾಲಾಗಿ ಇಟ್ಟು, ಅರಿಸಿನ ಕುಂಕುಮ ಹಚ್ಚಿ ಗಂಗೆಯ ಪೂಜೆ ಮಾಡಿಸಿದ್ದಳು. ಅದಾದ ಮೇಲೆಯೇ ಬಾಣಂತಿ ಕೊಡ ಮುಟ್ಟಬೇಕು. ನಮ್ಮ ಕಡೆ ಎಲ್ಲ ಮನೆಯಲ್ಲೂ ಹಾಗೆಯೇ. ಈಗ ನನ್ನನ್ನು ಕುಟುಕಿದ್ದು ಒಂದು ಪ್ರಶ್ನೆ: ಗಂಗೆಯ ಪೂಜೆಯನ್ನು ನೀರಿದ್ದಲ್ಲಿ ಮಾಡುತ್ತಾರೆ. ಚಾಳಿನ ನಲ್ಲಿ ಹತ್ತು ಹೆಜ್ಜೆ ಆಚೆಗಿದೆ. ಅದನ್ನು ಬಿಟ್ಟು ಸಿಮೆಂಟಿನ ಕಲ್ಲು ಹಾಸಿದ ಗಲ್ಲಿಯ ನಡುವೆ ಯಾರು ಪೂಜೆ ಮಾಡುತ್ತಾರೆ?

ನಾಲ್ಕೂ ಹರಳನ್ನು ಮುದುಕಿಯ ಕೈಗಿಟ್ಟು ಕನ್ನಡದಲ್ಲಿ ಮಾತಾಡಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮವನಾಗಿದ್ದೂ ಒದ್ದೆಯಲ್ಲ ಅನ್ನುವ ಹಾಗೆ ಮುಖ ತಿರುಗಿಸಿದಳು. ಆಮೇಲೆ ಹೇಳಿದಳು. ಮೊಮ್ಮಗಳು ಹಡೆದು ಐದು ವಾರ, ನಿನ್ನೆಯೇ ಪೂಜೆ ಆಯಿತು. ಈ ಚಾಳಿನಲ್ಲಿ ನಮ್ಮ ಕಡೆಯ ಬಾಣಂತಿಯರೆಲ್ಲ ಅಲ್ಲೇ ಮಾಡುವುದು. ಅಲ್ಲಿ ಬಾವಿ ಇತ್ತು.

“ನೀ ನೋಡಿದ್ದಿ ಏನ ಆಯಿ, ಬಾವಿ?” ಎಂದೆ.

“ನಾ ನೋಡಿಲ್ಲ ತಮ್ಮಾ. ನಾ ಲಗ್ನ ಆಗಿ ಬರೂದ್ರಾಗ ಮುಚ್ಚಿದ್ರು. ನಮ್ಮತ್ತಿ ಜಾಗಾ ತೋರಿಸ್ಯಾಳ. ನಾ ನನ್ನ ಸೊಸಿಗೆ ತೋರಿಸೀನಿ.”

ಕ್ರೇನಿನ ಪೆಟ್ಟಿಗೆಯಿಂದ ಹಾರೆ ತಂದು ಕುಟ್ಟಿದೆ. ಉಳಿದ ಮೂರು ಕಾಲಿನ ಹತ್ತಿರ ಒಂದು ಸದ್ದು, ಇಲ್ಲಿ ಬೇರೆಯದೇ, ಪೊಳ್ಳು ಸದ್ದು. ನನಗೆ ಹಾಗೆ ಕೇಳಿತು. ಸಿಗ್ನಲಿನವನಿಗೆ ಅಷ್ಟೇನೂ ವ್ಯತ್ಯಾಸ ಕೇಳಲಿಲ್ಲವಂತೆ. ಸೂಪರ್‌ವೈಜರ್ ಅಂತೂ, ಕೆಳಗೆ ಗಟಾರ, ಪೈಪು, ಕೇಬಲ್ಲು ಎಲ್ಲ ಇರುತ್ತದೆ, ಇಡೀ ಮುಂಬಯಿಯೇ ಪೊಳ್ಳು, ಹಾಗೆಂದು ಯಾರೂ ಕಾಲೂರಬಾರದೇ ಎಂದು ಕೇಳಿದ. ಹಾಸಿದ ಕಲ್ಲು ಕಿತ್ತು ನೋಡೋಣ ಅಂದರೆ ಒಪ್ಪಲಿಲ್ಲ. ಒಂದು ಗೇಣು ಎತ್ತಿ ನಿಲ್ಲಿಸಿ ನೋಡು ಅಂದ. ನೇರ ಹಿಂದೆ ಎತ್ತಿದಾಗ ಭಾರ ಎರಡು ಕಾಲಿಗೆ ಹಂಚಿಕೊಳ್ಳುತ್ತದೆ, ಮೂಲೆಗೆ ತಿರುಗಿದಾಗಲೇ ಒಂದೇ ಕಾಲಿಗೆ ಬೀಳುವುದು, ಆಗ ಬೂಮ್ ಈ ಚಾಳಿನ ಹೆಂಚಿನ ಪಕ್ಕ ಇರುತ್ತದೆ ಎಂದೆ. ಮುದುಕಿ ಹೇಳಿದಳೆಂದು ಕ್ರೇನು ನಿಲ್ಲಿಸುತ್ತೀಯಾ ಎಂದು ಅವನು ಕೇಳಿದ. ಹೌದು, ಮುದುಕಿ ಹೇಳಿದಳೆಂದೇ ಅಂದೆ. ಅವನು ಫೋನು ತೆಗೆದ.

ಚಿಕ್ಕ ಮಾಲೀಕ ಅರ್ಧ ಗಂಟೆಯಲ್ಲಿ ಬಂದ. ಇದು ದೇವರ ವಿಷಯ ಎಂದು ಸೂಪರ್‌ವೈಜರ್ ಅವನ ತಲೆಯಲ್ಲಿ ತುಂಬಿಯಾಗಿತ್ತು. “ಕಾಕಾ, ಪೂಜಾ ಬೀಜಾ ನಂತರ. ಪೈಲೆ ಲಿಫ್ಟ್ ಮಾಡ್ರಿ,” ಅಂದ. ದೇವರ ವಿಷಯವಲ್ಲಪ್ಪಾ, ನೆಲದ ವಿಷಯ ಎಂದು ತಿಳಿಸಿ ಹೇಳಿದೆ. ಬಾವಿ ನೋಡಿದವರು ಯಾರು ಎಂದು ಕೇಳಿದ. ಸತ್ತುಹೋದ ಅತ್ತೆ ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಬೇರೆ ಆಪರೇಟರನನ್ನು ಕರೆಸುತ್ತೇನೆ ಎಂದು ಹೇಳಿದ.

ಆಗ ನಾನು ಮಾಡಿದ್ದಕ್ಕೆ ಇವತ್ತೂ ನನಗೆ ನಾಚಿಕೆಯಿಲ್ಲ. ಚಾವಿ ಕಿತ್ತು ಜೇಬಿಗೆ ಹಾಕಿಕೊಂಡು, ಆ ನಾಲ್ಕನೆಯ ಕಾಲಿನ ಜಾಗದಲ್ಲಿ ದಿಮ್ಮಿಯ ಮೇಲೆ ಕೂತೆ. ಯಾರು ಬೇಕಾದರೂ ಬರಲಿ, ನನ್ನ ತೊಡೆಯ ಮೇಲೆ ಕಾಲು ಊರಲಿ ಅಂದೆ. ಮುದುಕಿ ಮೆಲ್ಲಗೆ ಬಂದು ನನ್ನ ಪಕ್ಕ ಕೂತಳು. ನನ್ನ ಪರವಾಗಿ ಏನೋ ಹೇಳುತ್ತಾಳೆ ಅಂದುಕೊಂಡೆ.

“ಮೊದಲ ಆ ಬೂಟ ಬಿಚ್ಚ,” ಅಂದಳು.

ಬಿಚ್ಚಿದೆ. ಗಲ್ಲಿಯ ನಡುವೆ ಬರಿಗಾಲಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ಮುದುಕಿಯ ಸೊಸೆ ಇಬ್ಬರಿಗೂ ಚಹಾ ತಂದಳು. ಸಿಗ್ನಲಿನವನು ಮಾತ್ರ ಅರಳಿಮರದ ಕೆಳಗೆ ನಿಂತು ತನ್ನ ಸೀಟಿ ತಿರುಗಿಸುತ್ತಿದ್ದ, ಹತ್ತಿರ ಬರಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಬೈಯಲು ನನಗೆ ಮನಸ್ಸಾಗಲಿಲ್ಲ. ಆದರೂ ಸಿಟ್ಟು ಬಂತು. ಕೊನೆಗೆ ಚಿಕ್ಕ ಮಾಲೀಕ ಕೆಲಸ ನಿಲ್ಲಿಸಿದ. ಹೋಗುವ ಮೊದಲು ಹೇಳಿದ್ದು ಇಷ್ಟು: ನಾಳೆ ಬೆಳಿಗ್ಗೆ ತಪ್ಪಾಯಿತು ಎಂದು ಮದುವೆ ಹಾಲಿನವರಿಗೆ ಬರೆದುಕೊಡಿ. ಇಲ್ಲವಾದರೆ ಚಾವಿ ಕೊಡಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಎಲ್ಲ ಕೇಳಿ, ಐದನೆಯ ಹರಳು ಸಿಗಲಿಲ್ಲವಾ ಎಂದು ಮಾತ್ರ ಕೇಳಿದಳು. ಸೀಟಿನ ಮಾತೇ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಕಾಗದ ಬರೆದುಕೊಂಡು ಹೋದೆ. ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆ, ನನ್ನ ಏಳನೇ ಕ್ಲಾಸಿನ ಕನ್ನಡ. ಚಿಕ್ಕ ಮಾಲೀಕ ಹಾಳೆಯನ್ನು ಆಚೆ ಈಚೆ ತಿರುಗಿಸಿ, ಓದಲಾಗದೆ, ಸಿಗ್ನಲಿನವನ ಕೈಗೆ ಕೊಟ್ಟ. ಅವನು ಶಾಲೆಯಲ್ಲಿ ಪಾಠ ಓದುವ ಹಾಗೆ ನಿಂತುಕೊಂಡು ಗಟ್ಟಿಯಾಗಿ ಓದಿದ:

“ಮಾಲೀಕರಿಗೆ. ಭಾನುವಾರ ಕುರ್ಲಾದ ಕೆಲಸ ನಿಲ್ಲಿಸಿದವನು ನಾನು. ಕೆಳಗೆ ಬಾವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ನಿಲ್ಲಿಸಿದೆ. ನಿಮಗೂ ಗೊತ್ತಿರಲಿಲ್ಲ, ಆದರೂ ಎತ್ತು ಅಂದಿರಿ. ತಪ್ಪು ಯಾರದೆಂದು ನೀವೇ ನೋಡಿಕೊಳ್ಳಿ. ನಾಳೆ ಅಲ್ಲಿ ಬರಿ ಮಣ್ಣೇ ಸಿಕ್ಕರೂ ನಾನು ಮಾಡಿದ್ದು ಸರಿ. ಇಂಥ ಜಾಗ ಮತ್ತೆ ಬಂದರೆ ಮತ್ತೆ ನಿಲ್ಲಿಸುತ್ತೇನೆ.”

 ನಾನು ಚಾವಿಯನ್ನು ಮೇಜಿನ ಮೇಲಿಟ್ಟೆ.  ಸಿಗ್ನಲಿನವನು ಹಾಳೆ ಮಡಚಿ ಮಾಲೀಕನ ಮುಂದಿಟ್ಟು, ಕೊರಳಿನಿಂದ ಸೀಟಿ ಬಿಚ್ಚಿ ಚಾವಿಯ ಪಕ್ಕ ಇಟ್ಟ.

“ನಿನ್ನೆ ನಾನೇ ಕೈ ಎತ್ತಬೇಕಿತ್ತು,” ಅಂದ. “ಸಿಗ್ನಲ್ ಕೊಡುವವ ನಾನು. ಎತ್ತಲಿಲ್ಲ.”

ಇಬ್ಬರೂ ಹೊರಗೆ ಬಂದು ಹೈವೇ ಪಕ್ಕ ನಿಂತೆವು. ಇನ್ನೇನು ಮಾಡುತ್ತೀಯಾ ಅಂದೆ. ಪುನಃ ತಟ್ಟೆ ಎತ್ತುವುದು, ಎಂತ ಮಾಡುವುದು ಅಂದ. ಇಬ್ಬರಿಗೂ ನಗು ಬಂತು. ಒಂದು ಹನಿ ಕಣ್ಣೀರೂ ಬಂತು, ಯಾರ ಕಣ್ಣಲ್ಲಿ ಎಂದು ಹೇಳುವುದಿಲ್ಲ.

ಮಂಗಳವಾರ ಮದುವೆ ಹಾಲಿನವರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಲೆಂದೇ ಆ ಜಾಗದ ಕಲ್ಲು ಕೀಳಿಸಿದರು. ಕೆಳಗೆ ಮಣ್ಣು, ಮಣ್ಣಿನ ಕೆಳಗೆ ತೆಳ್ಳನೆಯ ಕಾಂಕ್ರೀಟು, ಒಳಗಿನ ಸರಳು ತುಕ್ಕು ತಿಂದು ಹುಡಿಯಾಗಿತ್ತು. ಕೂಲಿಯವನು ಹಾರೆ ಹಾಕಿದ ಎರಡನೆಯ ಏಟಿಗೆ ಹಾರೆ ಅವನ ಕೈಯಿಂದ ಜಾರಿ ಕೆಳಗೆ ಹೋಯಿತಂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೀರಿನ ಸದ್ದು. ಚಾಳಿನ ಹೆಂಗಸರೆಲ್ಲ ಬಾಗಿಲಿಗೆ ಬಂದರಂತೆ.

ಚಿಕ್ಕ ಮಾಲೀಕ ಫೋನು ಮಾಡಿದ. ತಪ್ಪಾಯಿತು ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ, ನಾನೂ ಕಾಯಲಿಲ್ಲ. ಗುರುವಾರ ಬರುತ್ತೀರಾ ಕಾಕಾ ಎಂದು ಕೇಳಿದ. ಸಿಗ್ನಲಿನವನ ಜೊತೆ ಬರುತ್ತೇನೆ, ಕಾಲು ಎಲ್ಲಿ ಊರಬೇಕೆಂದು ನಾನು ಹೇಳುತ್ತೇನೆ, ಮತ್ತು ನನ್ನ ಕಾಗದ ಯಾರ್ಡಿನ ಗೋಡೆಯ ಮೇಲೆ ಅಂಟಿಸಬೇಕು ಅಂದೆ. ಅಂಟಿಸಿದ. ಈಗಲೂ ಇದೆ. ಹೊಸದಾಗಿ ಬಂದವರು ಅದರಲ್ಲಿ ಏನಿದೆ ಎಂದು ಕೇಳುತ್ತಾರೆ, ಸಿಗ್ನಲಿನವನು ಎದ್ದು ನಿಂತು ಓದಿ ಹೇಳುತ್ತಾನೆ.

ಗುರುವಾರ ಯಾರ್ಡಿನಲ್ಲಿ ದಿಮ್ಮಿಗಳನ್ನು ಮಗುಚಿ ನೋಡುವಾಗ ಒಂದರ ಸೀಳಿನಲ್ಲಿ ಐದನೆಯ ಹರಳು ಸಿಕ್ಕಿಕೊಂಡಿತ್ತು. ಜೇಬಿಗೆ ಹಾಕಿಕೊಂಡು ಹೋಗಿ ಮುದುಕಿಗೆ ಕೊಟ್ಟೆ. ನಲ್ಲಿಯ ಕೆಳಗೆ ತೊಳೆದು ಉಳಿದ ನಾಲ್ಕರ ಜೊತೆ ಇಟ್ಟಳು. ಈ ಸಲ ಕ್ರೇನನ್ನು ಗಲ್ಲಿಯ ಇನ್ನೊಂದು ತುದಿಯಲ್ಲಿ ನಿಲ್ಲಿಸಿದ್ದೆ, ನಾಲ್ಕೂ ಕಾಲಿನ ನೆಲ ಕೆದಕಿ ನೋಡಿಯಾಗಿತ್ತು. ಪಟ್ಟಿ ಬಿಗಿದು ಯಂತ್ರ ತಯಾರಾಯಿತು. ಸೂಪರ್‌ವೈಜರ್ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ದೂರ ನಿಂತಿದ್ದ. ನಾನು ಮುದುಕಿಯ ಕಡೆ ನೋಡಿದೆ. ಅವಳು ದೊಡ್ಡ ಮನಸ್ಸು ಮಾಡಿದವಳ ಹಾಗೆ ತಲೆಯಾಡಿಸಿದಳು.

“ಎತ್ತು, ತಮ್ಮಾ,” ಅಂದಳು.

“ಇಲ್ಲ ಆಯಿ,” ಎಂದು ಸಿಗ್ನಲಿನವನ ಕಡೆ ಕೈ ತೋರಿಸಿದೆ. “ಎತ್ತು ಅನ್ನಾಂವ ಅಂವ ಒಬ್ಬನ. ನೀ ಬರೇ ನಿಲ್ಸು ಅನ್ನು. ನಾ ನಿಲ್ಲಸ್ತೀನಿ.”

ಅವನು ಸೀಟಿ ಊದಿದ. ಯಂತ್ರ ಹಾಲಿನ ತಾರಸಿಯ ಮೇಲೆ ಕೂರುವವರೆಗೂ ಮುದುಕಿ ತನ್ನ ಬಾಗಿಲಲ್ಲಿ ಕೈ ಅರ್ಧ ಎತ್ತಿಕೊಂಡೇ ನಿಂತಿದ್ದಳು.